ಹಿರಿಯರ ಕಾಯ್ದೆ ತಿದ್ದುಪಡಿ, ಶೇ 5ರ ಹಣ: ಪಂಚಾಯಿತಿ ಈಗಲೇ ಏನು ಮಾಡಬಹುದು?

ಮಳವಳ್ಳಿ ಸದಸ್ಯೆ:
ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷದ ಕ್ರಿಯಾ ಯೋಜನೆ ಸಿದ್ಧವಾಗಬೇಕು. ಹಾಸಿಗೆ ಹಿಡಿದ ಹಿರಿಯರು ನಮ್ಮ ಪಂಚಾಯಿತಿಯ ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಕೆಲವರ ಮಕ್ಕಳು ಬೆಂಗಳೂರು ಸೇರಿದ್ದಾರೆ, ಇನ್ನು ಕೆಲವರು ಜಮೀನು ಬರೆಸಿಕೊಂಡು ಕೈಬಿಟ್ಟಿದ್ದಾರೆ. ‘ಹಿರಿಯರಿಗೆ ಮಕ್ಕಳಿಂದ ಜೀವನಾಂಶ ಕೊಡಿಸುವ ಕಾಯ್ದೆಗೆ ತಿದ್ದುಪಡಿ ಬರುತ್ತೆ, ಆಮೇಲೆ ನೋಡೋಣ’ ಅನ್ನುತ್ತಾರೆ ಸಭೆಯಲ್ಲಿ. ಕಾಯಬೇಕಾ? ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ವಿಶೇಷಚೇತನರಿಗೆ ಮೀಸಲಿಡುವ ಶೇ 5ರ ಹಣವನ್ನು ಇವರಿಗೆ ಬಳಸಬಹುದಾ?

ಕಡತ ನೋಡಿದವ:
ಕಾಯಬೇಡಿ ಮೇಡಂ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆ, 2024ರಲ್ಲಿ ಆ ಲೋಕಸಭೆಯ ಜೊತೆಗೇ ಬಿದ್ದುಹೋಯಿತು. ಅಳಿಯ, ಸೊಸೆಯನ್ನೂ ಹೊಣೆ ಮಾಡುವುದು, ಜೀವನಾಂಶಕ್ಕಿರುವ ತಿಂಗಳಿಗೆ 10,000 ರೂಪಾಯಿ ಮಿತಿ ತೆಗೆಯುವುದು ಎಲ್ಲ ಅದರಲ್ಲಿದ್ದ ಅಂಶಗಳು. ಇವತ್ತು ಕೈಯಲ್ಲಿರುವುದು 2007ರ ಕಾಯ್ದೆ, ಅದರಲ್ಲೇ ಮಾಡುವ ಕೆಲಸ ಬೇಕಾದಷ್ಟಿದೆ.

ತೀರ್ಪು ಕೊಡುವುದು ಪಂಚಾಯಿತಿಯಲ್ಲ, ಎ.ಸಿ. (ಉಪವಿಭಾಗಾಧಿಕಾರಿ) ಸಾಹೇಬರ ನ್ಯಾಯಮಂಡಳಿ. ಮಂಡ್ಯ, ಮದ್ದೂರು, ಮಳವಳ್ಳಿಯವರು ಮಂಡ್ಯ ಎ.ಸಿ. ಕಚೇರಿಗೆ ಹೋಗಬೇಕು, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆಯವರು ಪಾಂಡವಪುರಕ್ಕೆ. ಎದ್ದು ಓಡಾಡಲಾಗದವರ ಪರವಾಗಿ, ಅವರೇ ಅಧಿಕಾರ ಕೊಟ್ಟ ಬೇರೆಯವರು ಅರ್ಜಿ ಹಾಕಬಹುದು. ಪಂಚಾಯಿತಿಯಿಂದ ಯಾರಾದರೂ ಮನೆಗೇ ಹೋಗಿ ಅಧಿಕಾರ ಪತ್ರಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಬಂದರೆ ಅರ್ಧ ಕೆಲಸ ಮುಗಿದಂತೆ.

ಅರ್ಜಿ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂದರೆ, ಮಗನ ವಿಳಾಸದಲ್ಲಿ. 90 ದಿನದಲ್ಲಿ ಇತ್ಯರ್ಥ ಆಗಬೇಕು ಅನ್ನುವ ಲೆಕ್ಕ ಶುರುವಾಗುವುದು ನೋಟಿಸ್ ಜಾರಿಯಾದ ದಿನದಿಂದ, ಅರ್ಜಿ ಕೊಟ್ಟ ದಿನದಿಂದ ಅಲ್ಲ. ‘ಬೆಂಗಳೂರಲ್ಲಿದ್ದಾನೆ’ ಅಂತಷ್ಟೇ ಬರೆದರೆ ನೋಟಿಸ್ ವಾಪಸ್ ಬರುತ್ತದೆ, ಕಡತ ಕಪಾಟು ಸೇರುತ್ತದೆ. ಮನೆ ವಿಳಾಸ, ಕೆಲಸದ ಜಾಗ, ಫೋನ್ ನಂಬರ್ ಮೂರನ್ನೂ ಬರೆಸಿ. ಸೊಸೆಯೊಬ್ಬಳ ಮೇಲೇ ಅರ್ಜಿ ಹಾಕಿಸುವುದೂ ಆಗಾಗ ಆಗುವ ತಪ್ಪು. ಈಗಿನ ಕಾಯ್ದೆಯ ‘ಮಕ್ಕಳು’ ಅನ್ನುವ ಪದದೊಳಗೆ ಸೊಸೆ ಬರುವುದಿಲ್ಲ. ಆದೇಶ ಒಪ್ಪಿಗೆಯಾಗದಿದ್ದರೆ ಹಿರಿಯರು 60 ದಿನದೊಳಗೆ ಡಿ.ಸಿ. (ಜಿಲ್ಲಾಧಿಕಾರಿ) ಮುಂದೆ ಮೇಲ್ಮನವಿ ಹಾಕಬಹುದು.

ಜಮೀನಿನ ವಿಷಯ: ದಾನಪತ್ರವಾಗಿದ್ದರೆ ಇದೇ ಕಾಯ್ದೆಯ 23ನೇ ಕಲಂ ನೋಡಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟು, ಪಡೆದವರು ಅದನ್ನು ಮುರಿದರೆ ನ್ಯಾಯಮಂಡಳಿ ಪತ್ರ ರದ್ದು ಮಾಡಬಹುದು. ಈ ಕಲಮನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಆದರೂ ಷರತ್ತೇ ಇಲ್ಲದ ಪತ್ರ ಹಿಡಿದು ಗೆಲ್ಲುವುದು ಕಷ್ಟ. ಇನ್ನು ಮುಂದೆ ಬರೆಸುವವರಿಗೆ ಆ ಒಂದು ಸಾಲು ಸೇರಿಸಲು ಗ್ರಾಮಸಭೆಯಲ್ಲೇ ಹೇಳಿ. ಬರೀ ವಿಲ್ ಬರೆದಿದ್ದರೆ ಹೆದರಿಕೆ ಬೇಡ, ಬದುಕಿರುವವರೆಗೆ ಅದನ್ನು ಬದಲಿಸಬಹುದು.

ರ‍್ಯಾಂಪ್ ಲೆಕ್ಕದವ:
ಶೇ 5ರ ಹಣ ವಿಶೇಷಚೇತನರದು, ಹಿರಿಯರದಲ್ಲ. ವಯಸ್ಸೊಂದನ್ನೇ ನೋಡಿ ಕೊಟ್ಟರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ. ಆದರೆ ಲಕ್ವ ಹೊಡೆದವರು, ಕಿವಿ ಕೇಳದವರು, ಕಣ್ಣು ಮಂಜಾದವರಲ್ಲಿ ಅಂಗವೈಕಲ್ಯ ಶೇ 40 ಅಥವಾ ಹೆಚ್ಚು ಇರುವವರು ಎಷ್ಟೋ ಜನ ಇರುತ್ತಾರೆ, ಅವರ ಹತ್ತಿರ ಯು.ಡಿ.ಐ.ಡಿ. (ವಿಶೇಷಚೇತನರ ಗುರುತಿನ) ಕಾರ್ಡೇ ಇರುವುದಿಲ್ಲ. ಮೊದಲು ಆ ಕಾರ್ಡ್ ಮಾಡಿಸಿ. ಅರ್ಜಿ ಆನ್‌ಲೈನ್, ತಪಾಸಣೆ ಆಸ್ಪತ್ರೆಯಲ್ಲಿ. ಕಿವಿ, ಮಾತಿನ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ ಇದೆ.

ಸ್ವಂತ ಸಂಪನ್ಮೂಲ 6 ಲಕ್ಷ ಇದ್ದರೆ ಶೇ 5 ಅಂದರೆ 30,000 ರೂಪಾಯಿ ಅಷ್ಟೇ. ಮಾರ್ಚ್ ಕೊನೆಯಲ್ಲಿ ಒಂದೇ ಅಳತೆಯ ನಾಲ್ಕು ಗಾಲಿಕುರ್ಚಿ ತಂದು ಫೋಟೊ ತೆಗೆಸಿದರೆ ಅವು ಜಗುಲಿ ಮೇಲೆ ಧೂಳು ಹಿಡಿಯುತ್ತವೆ. ಸಾಮಾನ್ಯ ಗಾಲಿಕುರ್ಚಿಯ ಅಗಲ 25–26 ಇಂಚು, ನಮ್ಮ ಕಡೆ ಬಚ್ಚಲುಮನೆ ಬಾಗಿಲು ಎಷ್ಟೋ ಕಡೆ 24 ಇಂಚು. ತರುವ ಮೊದಲು ಬಾಗಿಲು ಅಳೆಯಿರಿ. ಹಾಸಿಗೆ ಬಿಟ್ಟೇಳದವರಿಗೆ ಕುರ್ಚಿಗಿಂತ ಏರ್ ಬೆಡ್, ಕಮೋಡ್ ಚೇರ್ ಉಪಯೋಗ. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುತ್ತಲೇ ಇರಬೇಕು, ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಇದನ್ನು ಮನೆಯವರಿಗೆ ಬಿಡಿಸಿ ಹೇಳದೆ ಬರಬೇಡಿ.

ರ‍್ಯಾಂಪ್ (ಗಾಲಿಕುರ್ಚಿ ಹತ್ತಿಸುವ ಇಳಿಜಾರು) ಆದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ. ಒಂದೂವರೆ ಅಡಿ ಜಗುಲಿಗೆ 18 ಅಡಿ ಬೇಕು, ಮೇಲೆ ಬಾಗಿಲ ಮುಂದೆ 5 ಅಡಿ ಸಮತಟ್ಟು. ಜಾಗ ಇಲ್ಲವೆಂದು 6 ಅಡಿಗೆ ಮುಗಿಸಿದರೆ ಕುರ್ಚಿ ತಳ್ಳುವವರೇ ಜಾರಿ ಬೀಳುತ್ತಾರೆ. ಅಂಥ ಕಡೆ ಗೋಡೆಯ ಪಕ್ಕಕ್ಕೆ ತಿರುಗಿಸಿ ಕಟ್ಟಿ. ಟೈಲ್ಸ್ ಬೇಡವೇ ಬೇಡ. ಸಿಮೆಂಟ್ ಹಸಿ ಇರುವಾಗಲೇ ಪೊರಕೆಯಿಂದ ಅಡ್ಡಗೆರೆ ಎಳೆಸಿ.

ಮಳವಳ್ಳಿ ಸದಸ್ಯೆ:
ತುಂಬಾ ಉಪಕಾರ ಆಯ್ತು. ಪಟ್ಟಿ ಯಾರಿಂದ ಮಾಡಿಸಲಿ? ವಿ.ಆರ್.ಡಬ್ಲ್ಯೂ. (ವಿಶೇಷಚೇತನರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಒಬ್ಬರೇ ಇದ್ದಾರೆ.

ಕಡತ ನೋಡಿದವ:
ಹೊಸ ಸಮೀಕ್ಷೆ ಬೇಡ. ಆಶಾ ಕಾರ್ಯಕರ್ತೆಯರು ತುಂಬುವ ಸಿಬ್ಯಾಕ್ (ಆರೋಗ್ಯ ತಪಾಸಣೆಯ ಪ್ರಶ್ನಾವಳಿ) ನಮೂನೆಯಲ್ಲಿ 60 ದಾಟಿದವರಿಗೆ ದಿನನಿತ್ಯದ ಕೆಲಸಕ್ಕೆ ಬೇರೆಯವರ ಸಹಾಯ ಬೇಕೇ ಎನ್ನುವ ಪ್ರಶ್ನೆ ಇದೆ. ಅದಕ್ಕೆ ‘ಹೌದು’ ಎಂದವರ ಮನೆಗೆ ಮಾತ್ರ ವಿ.ಆರ್.ಡಬ್ಲ್ಯೂ. ಹೋಗಲಿ. ಹೋದಾಗ ನಾಲ್ಕೇ ಕೇಳಬೇಕು: ಕಾರ್ಡ್ ಇದೆಯಾ, ಪಿಂಚಣಿ ಬರುತ್ತಾ, ಹಗಲು ಯಾರಿರುತ್ತಾರೆ, ರಾತ್ರಿ ಯಾರಿರುತ್ತಾರೆ. ಪಿಂಚಣಿ ನಿಂತಿದ್ದರೆ ನಾಡಕಚೇರಿಗೆ ಕಳಿಸಿ. ರಾತ್ರಿ ಯಾರೂ ಇರುವುದಿಲ್ಲ ಅಂದವರ ಹೆಸರು ಪಟ್ಟಿಯ ಮೇಲೆ ಬರಲಿ, ಹಿರಿಯರ ಸಹಾಯವಾಣಿ 14567 ಸಂಖ್ಯೆಯನ್ನು ಅವರ ಮನೆ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ.