ತಂಗುದಾಣದ ಬಳಿ ನಿನ್ನೆ ರಾತ್ರಿ ನಡೆದುದರ ಬಗ್ಗೆ: ದಯವಿಟ್ಟು ಎಲ್ಲರೂ ಓದಿ

ಮೂಲೆಮನೆ ಟೀಚರ್, ಬೆಳಿಗ್ಗೆ 5.20
ನಿನ್ನೆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಕಣ್ಣು ಮುಚ್ಚಿಲ್ಲ. ಮಂಗಳೂರಿನಲ್ಲಿ ಕೆಲಸ ಮುಗಿಸಿ ಕೊನೆಯ ಬಸ್ಸಿಗೆ ಕಾಸರಗೋಡಿನ ಕುಂಬಳೆಯಲ್ಲಿಳಿದು ಬೈಕಿನಲ್ಲಿ ಬರುತ್ತಿದ್ದ ನನ್ನ ಮಗನನ್ನು ತಂಗುದಾಣದ ಎದುರು ನಾಲ್ವರು ಅಡ್ಡಗಟ್ಟಿದರು. ಬೈಕಿನ ಬೆಳಕು ತಮ್ಮ ಮುಖಕ್ಕೆ ಬಿತ್ತೆಂಬುದಷ್ಟೇ ಅವರ ತಕರಾರು. ಒಬ್ಬನು ಸ್ಕೂಟರಿನ ಸೀಟಿನಡಿಯಿಂದ ಚೂರಿ ತೆಗೆದು ಮಗನ ಹೊಟ್ಟೆಗೆ ಒತ್ತಿ ಹಿಡಿದು, ಮತ್ತೊಮ್ಮೆ ಕಂಡರೆ ಕೊಂದುಬಿಡುವುದಾಗಿ ಹೇಳಿದ್ದಾನೆ. ಅಂಗಿಯ ಮೂರನೆಯ ಗುಂಡಿಯ ಕೆಳಗೆ ಬಟ್ಟೆ ಒಂದು ಬೆರಳಿನಷ್ಟು ಸೀಳಿದೆ. ಅದರ ನೇರಕ್ಕೆ ಚರ್ಮದ ಮೇಲೆ ಕೆಂಪು ಗೆರೆ ಎದ್ದಿದೆ. ಆ ತಂಗುದಾಣದ ಕಥೆ ನಿಮಗೆ ಹೊಸದಲ್ಲ. ಓಣಂ ಸಮಯದಲ್ಲಿ ಏನಾಯಿತು, ದೂರಿಗೆ ಸಹಿ ಹಾಕುತ್ತೇವೆ ಎಂದವರು ಯಾರು, ಕೊನೆಗೆ ಹಾಕದೆ ಉಳಿದವರು ಯಾರು ಎಂಬುದೂ ನಿಮಗೆ ಗೊತ್ತಿದೆ. ಇನ್ನೂ ಎಷ್ಟು ದಿನ ನಾವು ಬಾಗಿಲು ಹಾಕಿಕೊಂಡು ಕೂರಬೇಕು?

ನಿವೃತ್ತ ಮಾಸ್ಟ್ರು, 5.48
ಟೀಚರೇ, ಓದಿ ಮೈ ನಡುಗಿತು. ಮಗನಿಗೆ ಧೈರ್ಯ ಹೇಳಿ. ಈ ಪಿಡುಗಿಗೆ ಒಂದೇ ಮದ್ದು: ಮನೆಯ ಹೊಸ್ತಿಲು ದಾಟಿ ಚೂರಿಯನ್ನಾಗಲಿ ತಲವಾರನ್ನಾಗಲಿ ಹಿಡಿದು ನಡೆಯುವುದನ್ನೇ ಅಪರಾಧವನ್ನಾಗಿ ಮಾಡುವ ಕಾನೂನು ಬರಬೇಕು. ಇಂಗ್ಲೆಂಡಿನಲ್ಲಿ 1988ರಿಂದಲೇ ಅಂಥ ಕಾನೂನಿದೆ. 3 ಇಂಚು ಮೀರದ ಮಡಚುವ ಪುಟ್ಟ ಚೂರಿಯೊಂದನ್ನು ಬಿಟ್ಟು ಉಳಿದ ಯಾವುದೇ ಅಲಗನ್ನು ಸಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಇಟ್ಟುಕೊಂಡರೆ ಅಲ್ಲಿ ಜೈಲು, ಮತ್ತು ಕಾರಣವಿತ್ತೆಂದು ತೋರಿಸಿಕೊಡುವ ಹೊಣೆ ಇಟ್ಟುಕೊಂಡವನದೇ. 2024ರ ಸೆಪ್ಟೆಂಬರಿನಿಂದ ಝೋಂಬಿ ಚೂರಿ ಎಂಬ ಜಾತಿಯ ಅಲಗುಗಳನ್ನು ಮನೆಯೊಳಗೆ ಇಟ್ಟುಕೊಳ್ಳುವುದೂ ಅಲ್ಲಿ ನಿಷಿದ್ಧ. ಜಪಾನಿನಲ್ಲಿ 6 ಸೆಂಟಿಮೀಟರಿಗಿಂತ ಉದ್ದದ ಅಲಗಿಗೂ ಕಾರಣ ಹೇಳಬೇಕು. ನಮ್ಮಲ್ಲಿ ಮಾತ್ರ ಸ್ಕೂಟರಿನ ಸೀಟಿನಡಿ ಏನಿದ್ದರೂ ಕೇಳುವವರಿಲ್ಲ. ಮುಖ್ಯಮಂತ್ರಿಗಳಿಗೂ ಕೇಂದ್ರ ಗೃಹ ಸಚಿವರಿಗೂ ಕಳುಹಿಸಲು ಮನವಿಯ ಕರಡನ್ನು ನಾನು ಇಂದೇ ಸಿದ್ಧಪಡಿಸುತ್ತೇನೆ.

ಮೇಲ್ಮನೆ ಭಟ್ರು, 6.15
ಮಾಸ್ಟ್ರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಆದರೆ ಹೊಸ್ತಿಲು ದಾಟಿದ ಕತ್ತಿಗಳೆಲ್ಲ ಅಪರಾಧವಾದರೆ ನಮ್ಮ ತೋಟದ ಕೆಲಸ ನಿಂತೇಹೋಗುತ್ತದೆ. ಸೊಪ್ಪು ಕಡಿಯುವವರು, ತೆಂಗು ಹತ್ತುವವರು, ಶೇಂದಿ ಇಳಿಸುವವರು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಸ್ಸಿನಿಂದ ಇಳಿಯುತ್ತಾರೆ. ಭೂತದ ನೇಮೋತ್ಸವದ ದಿನ ದೈವದ ಒಡವೆ-ಆಯುಧಗಳ ಭಂಡಾರ ಹೊರಟಾಗ ಭೂತದ ಕಡ್ಸಲೆ, ಅಂದರೆ ಖಡ್ಗ, ಇದೇ ರಸ್ತೆಯಲ್ಲಿ ಹೋಗುತ್ತದೆ. ದಿನಗೂಲಿಯವನೊಬ್ಬ ಬೆಳ್ಳಂಬೆಳಗ್ಗೆ ಪೊಲೀಸರೆದುರು ನಿಂತು ತನ್ನ ಕತ್ತಿಗೆ ಕಾರಣ ಹೇಳಬೇಕಾದರೆ, ಅವನ ಮಾತನ್ನು ನಂಬುವವರು ಯಾರು?

ಮಾಸ್ಟ್ರು, 6.21
ಇಂಗ್ಲೆಂಡಿನ ಕಾನೂನಿನಲ್ಲಿ ಕೆಲಸದ ಉಪಕರಣಕ್ಕೂ ಧಾರ್ಮಿಕ ಕಾರಣಕ್ಕೂ ವಿನಾಯಿತಿ ಇದೆ. ನಮ್ಮ ಸಂವಿಧಾನದ 25ನೇ ವಿಧಿಯ ವಿವರಣೆಯೇ ಸಿಖ್ಖರ ಕೃಪಾಣಕ್ಕೆ ರಕ್ಷಣೆ ನೀಡಿದೆ. ಆದ್ದರಿಂದ ನಿಮ್ಮ ಆತಂಕಕ್ಕೆ ಆಧಾರವಿಲ್ಲ.

ಹಿಂದಿನ ಸಾಲಿನ ತರುಣ, 6.40
ಹಾಗಾದರೆ ನಮ್ಮ ಅಜ್ಜಿ ತರಕಾರಿ ಹೆಚ್ಚುವ ಮೆಟ್ಟುಕತ್ತಿಗೂ ಲೈಸೆನ್ಸ್ ಮಾಡಿಸಬೇಕೇ?

ಟೀಚರ್, 6.43
ತಮ್ಮಾ, ದಯವಿಟ್ಟು ಇಂದು ತಮಾಷೆ ಬೇಡ.

ತರುಣ, 6.44
ಕ್ಷಮಿಸಿ ಟೀಚರ್.

ಜಂಕ್ಷನ್ ಮನೆಯವರು, 7.05
ಕಾನೂನಿನ ಮಾತು ಆಮೇಲೆ ಆಡೋಣ. ಆ ಹುಡುಗರು ದಿನವೂ ಸೇರುವುದು ಹಾಜಿಯವರ ಅಂಗಡಿ ಜಗಲಿಯಲ್ಲಿ. ಜಗಲಿಗೆ ಒಂದು ಗೇಟು ಹಾಕಿಸಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಅಂಗಡಿ ಹಾಜಿಯವರು, 7.11
ನನ್ನ ಮೀನಿನಂಗಡಿ ರಾತ್ರಿ ಎಂಟಕ್ಕೇ ಮುಚ್ಚುತ್ತದೆ. ಮೀನು ಕತ್ತರಿಸುವ ಕತ್ತಿಗಳನ್ನು ತೊಳೆದು, ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ ನಾನೇ ಕೀಲಿಕೈ ಒಯ್ಯುತ್ತೇನೆ. ಜಗಲಿ ಖಾಲಿ ಇದೆಯೆಂದು ಬಂದು ಕೂರುವವರಿಗೆ ನಾನು ಹೊಣೆಯೇ? ಆ ನಾಲ್ವರಲ್ಲಿ ಇಬ್ಬರು ನಿಮ್ಮ ಬಾಡಿಗೆ ಕೋಣೆಯಲ್ಲಿದ್ದವರೆಂದು ಊರಿಗೆಲ್ಲ ಗೊತ್ತು. ಸಿಸಿಟಿವಿಗೆ ಮನೆಗೊಂದು ಸಾವಿರ ಕೇಳಿದಾಗ ಕೊಡುವುದಿಲ್ಲ ಎಂದವರೂ ನೀವೇ.

ಜಂಕ್ಷನ್ ಮನೆಯವರು, 7.14
ಅವರು ಕೋಣೆ ಬಿಟ್ಟು ಬಹಳ ಕಾಲವಾಯಿತು. ಹಣ ಕೊಡದವನು ನಾನೊಬ್ಬನೇ ಅಲ್ಲ. ಹೆಸರು ಹೇಳಬೇಕೆಂದರೆ ಹೇಳುತ್ತೇನೆ.

ಕಾರ್ಯದರ್ಶಿ, 7.20
ಇಬ್ಬರೂ ದಯವಿಟ್ಟು ಇಲ್ಲಿಗೆ ನಿಲ್ಲಿಸಿ. ವಕೀಲರೇ, ನೀವು ಹೇಳಿ, ಈಗಿರುವ ಕಾನೂನಿನಲ್ಲಿ ಏನು ಸಾಧ್ಯ?

ಪಡುಮನೆ ವಕೀಲರು, 7.52
ಕಾನೂನೇ ಇಲ್ಲ ಎಂಬ ಮಾತು ಸರಿಯಲ್ಲ. 1959ರ ಆಯುಧ ಕಾಯ್ದೆ ಬಂದೂಕಿಗೆ ಮಾತ್ರ ಸೀಮಿತವಲ್ಲ. 2016ರ ಆಯುಧ ನಿಯಮಗಳ ಮೊದಲ ಅನುಸೂಚಿಯ ಐದನೇ ವರ್ಗದಲ್ಲಿ ತಲವಾರು, ಕಠಾರಿ, ಭರ್ಜಿಗಳ ಜೊತೆಗೆ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚೂರಿಗಳೂ ಸೇರಿವೆ. ಮನೆಗೆಲಸಕ್ಕೆ, ಕೃಷಿಗೆ, ವಿಜ್ಞಾನಕ್ಕೆ, ಉದ್ಯಮಕ್ಕೆಂದು ತಯಾರಾದವು ಈ ವರ್ಗಕ್ಕೆ ಸೇರುವುದಿಲ್ಲ. ಆದ್ದರಿಂದ ಭಟ್ರ ತೋಟದ ಕತ್ತಿಗೂ ಹಾಜಿಯವರ ಮೀನಿನ ಕತ್ತಿಗೂ ಭಯವಿಲ್ಲ. ಆದರೆ ಇಂಥ ಆಯುಧಗಳಿಗೆ ಪರವಾನಗಿ ಬೇಕೆನ್ನುವ ನಾಲ್ಕನೇ ಸೆಕ್ಷನ್ ಅನ್ವಯಿಸುವುದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಮಾತ್ರ. ಅಲ್ಲಿ ಅದನ್ನು ಉಲ್ಲಂಘಿಸಿದವರಿಗೆ 1ರಿಂದ 3 ವರ್ಷದವರೆಗೆ ಸಜೆ ಇದೆ. ಸೀಟಿನಡಿಯಿಂದ ಬಂದದ್ದು 9 ಇಂಚಿಗಿಂತ ಗಿಡ್ಡ ಚೂರಿಯಾಗಿದ್ದರೆ, ಆಯುಧ ಕಾಯ್ದೆಯನ್ನೇ ನೆಚ್ಚಿಕೊಂಡು ಬರೆದ ದೂರು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಹಾಗಾಗಿ ಅಲಗಿನ ಉದ್ದಕ್ಕಿಂತ ಅವನು ಅದರಿಂದ ಏನು ಮಾಡಿದ ಎಂಬುದು ನಮಗೆ ಮುಖ್ಯ. ಕೊಲ್ಲುತ್ತೇನೆಂದು ಬೆದರಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 351(3)ರಡಿ 7 ವರ್ಷದವರೆಗೆ ಶಿಕ್ಷೆಯಿದೆ. ಆ ಚೂರಿ ಎರಡೇ ಇಂಚಿನದಾಗಿದ್ದರೂ ಅಷ್ಟೇ. ಗಾಯವಾಗಿದ್ದರೆ 118ನೇ ಸೆಕ್ಷನ್ ಬರುತ್ತದೆ. ಟೀಚರೇ, ಮಗನನ್ನು ಇಂದೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಆ ಗೆರೆಯನ್ನು ದಾಖಲಿಸಿಕೊಳ್ಳಿ. ಬೈಕನ್ನು ಅಡ್ಡಗಟ್ಟಿದ್ದನ್ನು ದೂರಿನಲ್ಲಿ ಖಂಡಿತ ಬರೆಯಿರಿ, ಅದು 126ನೇ ಸೆಕ್ಷನ್ನಿನ ಅಪರಾಧ. ಬರೀ ಬೆದರಿಕೆಯ ದೂರಾದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ಮಾಡಲಾಗದೆಂದು ಹೇಳಿ ನಿಮ್ಮನ್ನು ವಾಪಸು ಕಳುಹಿಸಬಹುದು.

ಮಾಸ್ಟ್ರು, 8.03
ವಕೀಲರೇ, ನಾನು ಹೇಳಿದ್ದೂ ಇದನ್ನೇ. ಅಧಿಸೂಚನೆಯಿದ್ದರೆ ಮಾತ್ರ ಕಾನೂನು, 9 ಇಂಚಾದರೆ ಮಾತ್ರ ಆಯುಧ ಎನ್ನುವುದು ಯಾವ ನ್ಯಾಯ? ಹೊಟ್ಟೆಯೊಳಗೆ ಹೋಗಲು 3 ಇಂಚು ಸಾಕು. ಇಂಥ ಕಾನೂನನ್ನು ಬದಲಾಯಿಸದೆ ಠಾಣೆಗೆ ದೂರು ಕೊಟ್ಟು ಪ್ರಯೋಜನವಿಲ್ಲ.

ಫ್ಲ್ಯಾಟಿನ ಮೂರನೇ ಮಹಡಿಯವರು, 8.10
ಬಂದದ್ದನ್ನು ಹಾಗೆಯೇ ಕಳುಹಿಸುತ್ತಿದ್ದೇನೆ: ‘ತುರ್ತು ಸೂಚನೆ. ನಾಳೆಯಿಂದ 4 ಇಂಚಿಗಿಂತ ಉದ್ದದ ಚೂರಿ ಮನೆಯಲ್ಲಿದ್ದರೂ 7 ವರ್ಷ ಜೈಲು. ತಪ್ಪದೆ ಎಲ್ಲ ಗುಂಪುಗಳಿಗೂ ಕಳುಹಿಸಿ.’

ವಕೀಲರು, 8.16
ಇದು ಶುದ್ಧ ಸುಳ್ಳು. ಹೀಗೊಂದು ಕಾನೂನೂ ಇಲ್ಲ, ಆದೇಶವೂ ಇಲ್ಲ. ದಯವಿಟ್ಟು ಅಳಿಸಿಬಿಡಿ. ಶಾಂತಿಭಂಗದ ಸಂಭವವಿದ್ದಾಗ ನಾಗರಿಕ ಸುರಕ್ಷಾ ಸಂಹಿತೆಯ 163ರಡಿ ಮ್ಯಾಜಿಸ್ಟ್ರೇಟರು ಆಯುಧ ಹಿಡಿದು ತಿರುಗುವುದನ್ನು ಒಂದು ಪ್ರದೇಶದಲ್ಲಿ ನಿಷೇಧಿಸಬಹುದು. ಹಿಂದೆ 144 ಎನ್ನುತ್ತಿದ್ದುದು ಅದೇ. ಆದರೆ ಸಾಮಾನ್ಯವಾಗಿ ಅದು ಎರಡು ತಿಂಗಳಿಗಿಂತ ಹೆಚ್ಚು ನಡೆಯುವುದಿಲ್ಲ.

ಭಟ್ರ ಮಗಳು, ಗ್ಲಾಸ್ಗೋದಿಂದ, 10.30
ರಾತ್ರಿ ಪಾಳಿ ಮುಗಿಸಿ ಈಗಷ್ಟೇ ನೋಡಿದೆ. ಮಾಸ್ಟ್ರೇ, ನಾನು ನರ್ಸ್ ಆಗಿರುವ ಈ ನಗರದಲ್ಲಿ ಚೂರಿ ಇರಿತ ಬಹಳ ಹೆಚ್ಚಾಗಿದ್ದಾಗ ಕಾನೂನೂ ಇತ್ತು, ಜೈಲೂ ಇತ್ತು. 2005ರಲ್ಲಿ ಪೊಲೀಸರು ಹಿಂಸೆಯನ್ನು ತಗ್ಗಿಸಲೆಂದೇ ಪ್ರತ್ಯೇಕ ಘಟಕವೊಂದನ್ನು ಆರಂಭಿಸಿ, ಹಿಂಸೆಯನ್ನು ಹಬ್ಬುವ ರೋಗದ ಹಾಗೆ ಕಂಡು ಕೆಲಸ ಮಾಡಿದರು. ಗುಂಪು ಕಟ್ಟಿಕೊಂಡ ಹುಡುಗರನ್ನು ಕರೆಸಿ ಮಾತಾಡಿಸಿದರು, ಬಿಟ್ಟುಬಂದವರಿಗೆ ಕೆಲಸದ ದಾರಿ ತೋರಿಸಿದರು, ಬಿಡದವರನ್ನು ಹಿಂಬಾಲಿಸಿದರು. ಇಲ್ಲಿ ಇರಿತಕ್ಕೊಳಗಾಗಿ ಬರುವವರಲ್ಲಿ ಭಯದಿಂದ ತಾವೂ ಚೂರಿ ಇಟ್ಟುಕೊಂಡವರೂ ಇರುತ್ತಾರೆ. ಟೀಚರಕ್ಕಾ, ತಮ್ಮನಿಗೆ ಈಗ ಅಂಥ ಯೋಚನೆ ಬಾರದಂತೆ ನೋಡಿಕೊಳ್ಳಿ.

ಟೀಚರ್, 10.41
ಬಂದಿದೆ ಮಗಳೇ. ಬೆಳಿಗ್ಗೆ ಅಡುಗೆಮನೆಯ ಚಾಕುವನ್ನು ಬ್ಯಾಗಿಗೆ ಹಾಕುತ್ತಿದ್ದ. ನಾನೇ ತೆಗೆದಿಟ್ಟೆ.

ಮಾಸ್ಟ್ರು, 10.55
ಕರಡು ಸಿದ್ಧವಾಗಿದೆ, ನಾಲ್ಕು ಪುಟ. ಕನ್ನಡದಲ್ಲೇ ಕೊಡುತ್ತೇವೆ, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ರಾಜ್ಯ ಸರ್ಕಾರದೊಡನೆ ನಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕು ಇಲ್ಲಿಯ ಕನ್ನಡಿಗರಾದ ನಮಗಿದೆ.

ಮೂರನೇ ಮಹಡಿಯವರು, 11.02
ಠಾಣೆಗೆ ಕೊಡುವ ದೂರಿಗಾದರೂ ಮಲಯಾಳದ ಪ್ರತಿಯೊಂದನ್ನು ಲಗತ್ತಿಸೋಣ. ಬೇಗ ಓದುತ್ತಾರೆ.

ಮಾಸ್ಟ್ರು, 11.04
ಹೀಗೆ ಬಿಟ್ಟುಕೊಟ್ಟೇ ನಾವು ಇಲ್ಲಿಗೆ ಬಂದು ಮುಟ್ಟಿದ್ದು.

ವಕೀಲರು, 11.20
ಭಾಷೆಯನ್ನು ಆಮೇಲೆ ತೀರ್ಮಾನಿಸೋಣ. ಈಗ ಬೇಕಾಗಿರುವುದು ಸಾಕ್ಷಿ. ಗಲಾಟೆ ಕೇಳಿ ಎರಡು ಮನೆಗಳ ಕಿಟಕಿ ತೆರೆದದ್ದನ್ನು ಟೀಚರ ಮಗ ನೋಡಿದ್ದಾನೆ. ಆ ಮನೆಯವರು ಹೆದರಬೇಕಾಗಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಪ್ರಕಾರ ಮಹಿಳೆಯರನ್ನೂ 60 ವರ್ಷ ದಾಟಿದವರನ್ನೂ ಸಾಕ್ಷ್ಯಕ್ಕೆಂದು ಠಾಣೆಗೆ ಕರೆಸುವಂತಿಲ್ಲ, ಮನೆಗೇ ಬಂದು ವಿಚಾರಿಸಬೇಕು. ಸಾಕ್ಷಿದಾರರ ರಕ್ಷಣಾ ಯೋಜನೆಗೆ 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ನೀಡಿದೆ. ಆ ಇಬ್ಬರು ಮುಂದೆ ಬಂದರೆ ದೂರಿಗೆ ಬಲ ಬರುತ್ತದೆ.

ಕಾರ್ಯದರ್ಶಿ, ಮಧ್ಯಾಹ್ನ 1.15
ಸುಮಾರು ಎರಡು ಗಂಟೆ ಕಳೆಯಿತು, ಯಾರೂ ಉತ್ತರಿಸಿಲ್ಲ. ಸದ್ಯಕ್ಕೆ ಸಹಿ ಹಾಕಲಿರುವವರು ಟೀಚರ್, ಅವರ ಮಗ ಮತ್ತು ಹಾಜಿಯವರು.

ಹಾಜಿಯವರು, 1.18
ನಾನು ಕಣ್ಣಾರೆ ಕಂಡವನಲ್ಲ. ಆದರೆ ಅವರು ನನ್ನ ಜಗಲಿಯಲ್ಲಿ ಸೇರುತ್ತಾರೆಂದು ಬರೆದುಕೊಡುತ್ತೇನೆ.

ಮಾಸ್ಟ್ರು, 1.24
ಮನವಿಗೆ ಮೊದಲ ಸಹಿ ನನ್ನದು. ಠಾಣೆಯ ದೂರಿನ ವಿಷಯದಲ್ಲಿ, ನಾನು ಆ ಹೊತ್ತಿಗೆ ಮಲಗಿದ್ದೆನಾದ್ದರಿಂದ ಅದರಲ್ಲಿ ಸೇರುವುದು ಸರಿಯಾಗದು.

ಜಂಕ್ಷನ್ ಮನೆಯವರು, 1.40
ತಂಗುದಾಣದ ಎದುರಿನ ಎರಡು ಬೀದಿದೀಪ ಮಳೆಗಾಲದಿಂದ ಉರಿಯುತ್ತಿಲ್ಲ. ಬೆಳಕಿದ್ದಿದ್ದರೆ ಅವರು ಅಲ್ಲಿ ಕೂರುತ್ತಲೇ ಇರಲಿಲ್ಲ. ಮೊದಲು ಅದನ್ನು ಸರಿಪಡಿಸೋಣ.

ಮೂರನೇ ಮಹಡಿಯವರು, 1.43
ಇದು ಒಳ್ಳೆಯ ಸಲಹೆ. ನಮ್ಮ ಗೇಟಿನ ಬಳಿಯದ್ದೂ ಕೆಟ್ಟಿದೆ.

ಭಟ್ರು, 1.47
ಮೇಲಿನ ತಿರುವಿನದ್ದೂ ಸೇರಲಿ. ಪಂಚಾಯತ್ ಸದಸ್ಯರಿಗೆ ನಾನೇ ಫೋನ್ ಮಾಡುತ್ತೇನೆ.

ಕಾರ್ಯದರ್ಶಿ, 1.55
ಹಾಗಾದರೆ ದೀಪ ಉರಿಯದ ಕಂಬಗಳ ಸಂಖ್ಯೆಯನ್ನು ಎಲ್ಲರೂ ಸಂಜೆಯೊಳಗೆ ಇಲ್ಲಿ ಹಾಕಿ. ದೀಪಗಳ ಮನವಿಗೆ ಪ್ರತಿ ಮನೆಯಿಂದಲೂ ಒಬ್ಬರ ಸಹಿ ಬೇಕು.

ಟೀಚರ್, 2.30
ಈಗಾಗಲೇ ಹದಿನೆಂಟು ಮನೆಯವರು ಸಹಿಗೆ ಒಪ್ಪಿದ್ದಾರೆ, ಸಂತೋಷ. ದೀಪಗಳೂ ಬೇಕು. ಆದರೆ ನಾನು ನಾಲ್ಕು ಗಂಟೆಗೆ ಠಾಣೆಗೆ ಹೋಗುತ್ತಿದ್ದೇನೆ. ನನ್ನ ಜೊತೆ ಯಾರು ಬರುತ್ತೀರಿ?

ವಕೀಲರು, 2.34
ನಾನು ಬರುತ್ತೇನೆ. ಅಂಗಿಯನ್ನು ಒಗೆಯಬೇಡಿ, ಕಾಗದದ ಚೀಲದಲ್ಲಿ ಹಾಕಿ ತನ್ನಿ. ಆಸ್ಪತ್ರೆಯ ಚೀಟಿಯೂ ಇರಲಿ.

ಹಾಜಿಯವರು, 2.36
ನಾನೂ ಬರುತ್ತೇನೆ. ಅಂಗಡಿಯಲ್ಲಿ ಹುಡುಗನನ್ನು ಕೂರಿಸುತ್ತೇನೆ.

ಜಂಕ್ಷನ್ ಮನೆಯವರು, 2.41
ತಂಗುದಾಣದ ಎದುರಿನ ಕಂಬದ ಸಂಖ್ಯೆಯ ಮೇಲೆ ಯಾರೋ ಪೋಸ್ಟರ್ ಅಂಟಿಸಿದ್ದಾರೆ. ಹಳೆಯ ಫೋಟೊ ಇದ್ದವರು ಕಳುಹಿಸಿ.