ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಬ್ಯಾಕಪ್ ಫೈಲ್ ಬರೀ 20 ಬೈಟ್, ಮಾನಿಟರಿಂಗ್ ಮಾಡೋ ಝ್ಯಾಬಿಕ್ಸ್‌ನಲ್ಲಿ ನೋಡಿದ್ರೆ ಎಲ್ಲಾ ಹಸಿರು. ಏನ್ ಕಥೆ ಇದು?

ಪೀಣ್ಯ_ಸರ್ವರ್‌ರೂಮ್:
ನಮಸ್ಕಾರ ಎಲ್ರಿಗೂ. ಪೀಣ್ಯದಲ್ಲಿ ಒಂದು ಫ್ಯಾಕ್ಟ್ರಿಲಿ ಐಟಿ ನೋಡ್ಕೋತೀನಿ, ಐಟಿ ಅಂದ್ರೆ ಪ್ರಿಂಟರ್‌ಗೆ ಕಾರ್ಟ್ರಿಜ್ ಹಾಕೋದ್ರಿಂದ ಹಿಡ್ದು ಸರ್ವರ್ ತನಕ ನಾನೊಬ್ನೇ. ಇಆರ್‌ಪಿ (ಸ್ಟಾಕ್, ಬಿಲ್ ಎಲ್ಲಾ ನೋಡ್ಕೊಳ್ಳೋ ಸಾಫ್ಟ್‌ವೇರ್) ಪೋಸ್ಟ್‌ಗ್ರೆಸ್ ಮೇಲಿದೆ, ರಾಕಿ ಲಿನಕ್ಸ್ 9, ಡೇಟಾಬೇಸ್ ಹತ್ತತ್ರ 60 ಜಿಬಿ. ವೆಂಡರ್ ಬರೆದಿಟ್ಟು ಹೋಗಿರೋ ಬ್ಯಾಕಪ್ ಸ್ಕ್ರಿಪ್ಟ್ ರಾತ್ರಿ 1 ಗಂಟೆಗೆ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸೋದು) ಓಡುತ್ತೆ, ಪಿಜಿ ಡಂಪ್ (ಡೇಟಾಬೇಸ್‌ನ ಫೈಲ್‌ಗೆ ಬರೆಯೋ ಕಮಾಂಡ್) ತಗೊಂಡು ಪೈಪ್‌ನಲ್ಲಿ ನೇರ ಜಿಝಿಪ್‌ಗೆ ಕೊಟ್ಟು ಕುಗ್ಗಿಸಿ ಪಕ್ಕದ ಬ್ಯಾಕಪ್ ಮಷೀನ್‌ನಲ್ಲಿ ಫೈಲ್ ಇಡುತ್ತೆ. ಇವತ್ತಿನ ಡೇಟ್‌ದು ಫೈಲ್ ಇದ್ಯಾ ಅಂತ ಝ್ಯಾಬಿಕ್ಸ್‌ನಲ್ಲಿ ಒಂದು ಚೆಕ್ ಇದೆ, ಇದ್ರೆ ಹಸಿರು.

ಹೋದ ವಾರ ಅದೇ ವೆಂಡರ್ ಕಡೆಯವ್ರು ಬಂದು ಪೋಸ್ಟ್‌ಗ್ರೆಸ್ 13ರಿಂದ 16ಕ್ಕೆ ಅಪ್‌ಗ್ರೇಡ್ ಮಾಡಿದ್ರು, ಇಆರ್‌ಪಿ ಏನೂ ತಕರಾರಿಲ್ದೆ ಓಡ್ತಿದೆ. ಇವತ್ತು ಬ್ಯಾಕಪ್ ಡಿಸ್ಕ್‌ನಲ್ಲಿ ಖಾಲಿ ಜಾಗ ಯಾಕೋ ದಿನಾ ಜಾಸ್ತಿ ಆಗ್ತಿದೆಯಲ್ಲ ಅಂತ ಅನುಮಾನ ಬಂದು ಫೋಲ್ಡರ್ ತೆಗೆದು ನೋಡಿದ್ರೆ ಅಪ್‌ಗ್ರೇಡ್ ಆದ್ಮೇಲಿನ ಫೈಲ್ ಅಷ್ಟೂ 20 ಬೈಟ್. ಎಂಬಿ ಅಲ್ಲ ಸ್ವಾಮಿ, ಬೈಟ್. ಮುಂಚೆ 9 ಜಿಬಿ ಬರ್ತಿತ್ತು.

ತಲೆ ಕೆಡಿಸ್ತಿರೋದು ಏನಂದ್ರೆ, ಅದೇ ಸ್ಕ್ರಿಪ್ಟ್‌ನ ಪೋಸ್ಟ್‌ಗ್ರೆಸ್ ಯೂಸರ್ ಆಗಿ ಲಾಗಿನ್ ಆಗಿ ಕೈಯಾರೆ ಓಡಿಸಿದ್ರೆ ಫೈಲ್ ಬೆಳೀತಾ ಹೋಗುತ್ತೆ. ಪೂರ್ತಿ ಬಿಡೋಕಾಗ್ಲಿಲ್ಲ, ಇಆರ್‌ಪಿ ನಿಧಾನ ಆಯ್ತು ಅಂತ ಸ್ಟೋರ್ಸ್‌ನಿಂದ ಫೋನ್ ಬಂತು, ನಿಲ್ಲಿಸ್ದೆ. ಕ್ರಾನ್ ಲಾಗ್‌ನಲ್ಲಿ ಎರರ್ ಇಲ್ಲ. 20 ಬೈಟ್ ಫೈಲ್‌ಗೆ ಜಿಝಿಪ್ ಟೆಸ್ಟ್ ಕೊಟ್ರೂ ಸರಿ ಇದೆ ಅನ್ನುತ್ತೆ. ಎಲ್ಲಿಂದ ಹುಡುಕಲಿ?

ರಾತ್ರಿಪಾಳಿ_ಡಿಬಿಎ:
ಹುಡುಕೋದು ಆಮೇಲೆ. ಮೊದ್ಲು ಹೇಳಿ, ಸ್ಕ್ರಿಪ್ಟ್ ಕೊನೇಲಿ ಹಳೇ ಫೈಲ್ ಅಳಿಸೋ ಫೈಂಡ್ ಲೈನ್ ಇದ್ಯಾ?

ಪೀಣ್ಯ_ಸರ್ವರ್‌ರೂಮ್:
ಇದೆ ಸರ್. ಎಂಟೈಮ್ ಪ್ಲಸ್ 7, ಡಿಲೀಟ್.

ರಾತ್ರಿಪಾಳಿ_ಡಿಬಿಎ:
ಈಗ್ಲೇ ಆ ಲೈನ್ ಮುಂದೆ ಹ್ಯಾಶ್ (#) ಹಾಕಿ ಅದು ಓಡದ ಹಾಗೆ ಮಾಡಿ, ಹಾಕಿ ಬಂದು ಮುಂದೆ ಓದಿ. ಪ್ಲಸ್ 7 ಅಂದ್ರೆ ಪೂರ್ತಿ 8 ದಿನ ತುಂಬಿದ ಫೈಲ್ ಹೋಗುತ್ತೆ. ಅಪ್‌ಗ್ರೇಡ್‌ಗೆ ಮುಂಚಿನ ಒಳ್ಳೇ ಡಂಪ್‌ಗಳು ದಿನಕ್ಕೊಂದು ಅಳಿಸಿ ಹೋಗ್ತಾ ಅದರ ಜಾಗಕ್ಕೆ 20 ಬೈಟ್‌ದು ಬಂದು ಕೂರ್ತಿದೆ, ನಿಮ್ಮ ಡಿಸ್ಕ್‌ನಲ್ಲಿ ಜಾಗ ಜಾಸ್ತಿ ಆಗ್ತಿರೋದು ಅದಕ್ಕೇ. ಉಳಿದಿರೋ 9 ಜಿಬಿ ಫೈಲ್‌ಗಳನ್ನ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. 13ರಲ್ಲಿ ತೆಗೆದ ಡಂಪ್ 16ಕ್ಕೆ ರೀಸ್ಟೋರ್ ಆಗುತ್ತೆ, ಹಳೇದು ಯಾಕೆ ಅಂತ ಎಸೀಬೇಡಿ.

ಪೀಣ್ಯ_ಸರ್ವರ್‌ರೂಮ್:
ಹ್ಯಾಶ್ ಹಾಕ್ದೆ. ಒಳ್ಳೇ ಫೈಲ್ ಎರಡೇ ಉಳಿದಿದ್ವು ಸರ್, ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಆಗ್ತಿದೆ.

ಬ್ಯಾಶ್_ಬಸವನಗುಡಿ:
20 ಬೈಟ್ ಅಂದ್ರೆ ಖಾಲಿ ಜಿಝಿಪ್. ಒಳಗೆ ಏನೂ ಇಲ್ದೇ ಇದ್ರೂ ಹೆಡರ್‌ಗೆ 10, ಖಾಲಿ ಬ್ಲಾಕ್‌ಗೆ 2, ಕೊನೇಲಿ ಚೆಕ್‌ಸಮ್ ಮತ್ತೆ ಉದ್ದ ಸೇರಿ 8, ಒಟ್ಟು 20. ಅಂದ್ರೆ ಜಿಝಿಪ್ ತನ್ನ ಕೆಲಸ ಸರಿಯಾಗೇ ಮಾಡಿದೆ, ಅದಕ್ಕೆ ಮೇಲಿಂದ ಬಂದಿದ್ದೇ ಶೂನ್ಯ. ಟೆಸ್ಟ್ ಪಾಸಾಗೋದೂ ಇದಕ್ಕೇ, ಫಾರ್ಮ್ಯಾಟ್ ಪ್ರಕಾರ ಅದು ತಪ್ಪಿಲ್ಲದ ಫೈಲು.

ಪಿಜಿ ಡಂಪ್ ಯಾಕೆ ಏನೂ ಕೊಡ್ಲಿಲ್ಲ ಅನ್ನೋದಕ್ಕೆ ನನ್ನ ಅಂದಾಜು: ಕ್ರಾನ್‌ಗೆ ನಿಮ್ಮ ಬ್ಯಾಶ್ ಪ್ರೊಫೈಲ್ (ಲಾಗಿನ್ ಆದಾಗ ಓದೋ ಸೆಟ್ಟಿಂಗ್) ಗೊತ್ತಿಲ್ಲ. ನೀವು ಲಾಗಿನ್ ಆದಾಗ ಪಾತ್‌ನಲ್ಲಿ (ಕಮಾಂಡ್ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಪಿಜಿಎಸ್‌ಕ್ಯೂಎಲ್-16 ಫೋಲ್ಡರ್ ಮೊದ್ಲು ಸಿಗುತ್ತೆ, ಹೊಸ ಪಿಜಿ ಡಂಪ್ ಓಡುತ್ತೆ. ಕ್ರಾನ್‌ಗೆ ಸಿಗೋದು ಯುಎಸ್‌ಆರ್ ಬಿನ್‌ನಲ್ಲಿರೋದು, ರಾಕಿ 9ರ ಸ್ವಂತ ರೆಪೊದಿಂದ ಬಂದಿದ್ರೆ ಅದು 13. ತನಗಿಂತ ಹೊಸ ಮೇಜರ್ ವರ್ಷನ್ ಸರ್ವರ್ ಕಂಡ್ರೆ ಪಿಜಿ ಡಂಪ್ ಮುಂದಕ್ಕೆ ಹೋಗೋದೇ ಇಲ್ಲ. ಉಲ್ಟಾ ಆದ್ರೆ, ಅಂದ್ರೆ ಡಂಪ್ ಹೊಸದು ಸರ್ವರ್ ಹಳೇದು ಆದ್ರೆ ತೊಂದ್ರೆ ಇಲ್ಲ.

ಎರರ್ ಕಾಣದೇ ಇರೋಕೆ ಎರಡು ಕಾರಣ ಇರ್ಬೋದು. ಒಂದು, ಸ್ಕ್ರಿಪ್ಟ್‌ನಲ್ಲಿ ಯಾರೋ ಪುಣ್ಯಾತ್ಮರು ಎರರ್‌ನೆಲ್ಲಾ ಡೆವ್ ನಲ್‌ಗೆ, ಅಂದ್ರೆ ಕಸದ ಬುಟ್ಟಿಗೆ, ತಳ್ಳಿರ್ತಾರೆ, ನೋಡಿ. ಇನ್ನೊಂದು, ಪೈಪ್ ಹಾಕಿದಾಗ ಬ್ಯಾಶ್ ಕೊಡೋ ಎಗ್ಸಿಟ್ ಕೋಡ್ ಕೊನೇ ಕಮಾಂಡ್‌ದು. ಪಿಜಿ ಡಂಪ್ ಬಿದ್ದು ಸತ್ರೂ ಜಿಝಿಪ್ ಸೊನ್ನೆ (ಸರಿ ಆಯ್ತು ಅನ್ನೋ ಕೋಡ್) ಕೊಟ್ರೆ ಇಡೀ ಲೈನ್ ಪಾಸ್. ಸ್ಕ್ರಿಪ್ಟ್ ತಲೇಲೇ ಸೆಟ್ ಮೈನಸ್ ಓ ಪೈಪ್‌ಫೇಲ್ (ಪೈಪ್‌ನಲ್ಲಿ ಯಾವುದು ಬಿದ್ರೂ ಫೇಲ್ ಅನ್ನುತ್ತೆ) ಹಾಕಿ, ಪಿಜಿ ಡಂಪ್‌ಗೆ ಪೂರ್ತಿ ಪಾತ್ ಬರೀರಿ, ಮೊದ್ಲು ಟೆಂಪ್ ಹೆಸರಲ್ಲಿ ಫೈಲ್ ಬರೆದು ಎಲ್ಲಾ ಸರಿ ಆದ್ರೆ ಮಾತ್ರ ನಿಜವಾದ ಹೆಸರಿಗೆ ಮೂವ್ ಮಾಡಿ, ಹಳೇದು ಅಳಿಸೋದೂ ಅದಾದ್ಮೇಲೇ ನಡೀಲಿ.

ಪೀಣ್ಯ_ಸರ್ವರ್‌ರೂಮ್:
ಅದೇ ಗುರುಗಳೇ! ಡೆವ್ ನಲ್ ತೆಗೆದು ಕ್ರಾನ್‌ನಲ್ಲಿ ಎರಡು ನಿಮಿಷ ಬಿಟ್ಟು ಓಡೋ ಹಾಗೆ ಹಾಕಿ ಲಾಗ್ ಫೈಲ್‌ಗೆ ಬಿಟ್ಟೆ. ಸರ್ವರ್ ವರ್ಷನ್ 16, ಪಿಜಿ ಡಂಪ್ ವರ್ಷನ್ 13, ವರ್ಷನ್ ಮಿಸ್‌ಮ್ಯಾಚ್ ಅದಕ್ಕೇ ನಿಲ್ಲಿಸ್ತಿದೀನಿ ಅಂತ ಸ್ಪಷ್ಟವಾಗಿ ಹೇಳ್ತಿದೆ ಪಾಪ, ಕೇಳೋಕೆ ಯಾರೂ ಇರ್ಲಿಲ್ಲ. ಪೂರ್ತಿ ಪಾತ್ ಕೊಟ್ಟು ಪೈಪ್‌ಫೇಲ್ ಹಾಕಿದೀನಿ, ಇವತ್ತು ರಾತ್ರಿ ನೋಡ್ಬೇಕು.

ಮಲ್ಲೇಶ್ವರಂ_ಮಾನಿಟರ್:
ಕೋಡ್ ಇಡೋ ಸೈಟ್ ಗಿಟ್‌ಲ್ಯಾಬ್‌ನವ್ರಿಗೆ 2017ರ ಜನವರಿ 31ಕ್ಕೆ ಆಗಿದ್ದೂ ಹತ್ತತ್ರ ಇದೇ. ರೆಪ್ಲಿಕಾ (ನಕಲು ಸರ್ವರ್) ಅಂದ್ಕೊಂಡು ಪ್ರೈಮರಿ (ಅಸಲಿ) ಡೇಟಾ ಫೋಲ್ಡರ್ರೇ ಅಳಿಸಿದ್ರು, ಸರಿ ಬ್ಯಾಕಪ್ ತೆಗೀರಪ್ಪಾ ಅಂದ್ರೆ ಅದನ್ನ ಇಡೋ ಅಮೆಜಾನ್ ಎಸ್3 ಬಕೆಟ್ ಖಾಲಿ. ಸರ್ವರ್ 9.6, ಡಂಪ್ ಮಾಡ್ತಿದ್ದ ಪಿಜಿ ಡಂಪ್ 9.2. ಫೇಲ್ ಆಗಿದೆ ಅಂತ ಕ್ರಾನ್ ಮೇಲ್ ಕಳಿಸ್ತಾನೇ ಇತ್ತಂತೆ, ಆ ಮೇಲ್‌ಗೆ ಡಿಮಾರ್ಕ್ (ಕಳಿಸಿದವರು ಅಸಲಿಯಾ ಅಂತ ನೋಡೋ ವ್ಯವಸ್ಥೆ) ಸರಿ ಇರ್ಲಿಲ್ಲ ಅಂತ ರಿಜೆಕ್ಟ್ ಆಗಿ ಯಾರ ಕಣ್ಣಿಗೂ ಬೀಳ್ಲಿಲ್ಲ. ಸುಮಾರು ಆರು ಗಂಟೆ ಹಿಂದೆ ಸ್ಟೇಜಿಂಗ್‌ಗೆ (ಟೆಸ್ಟ್ ಮಾಡೋ ಸರ್ವರ್) ಅಂತ ಕೈಯಾರೆ ತೆಗೆದಿದ್ದ ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟ್ (ಆ ಕ್ಷಣದ ಡಿಸ್ಕ್ ನಕಲು) ಇತ್ತು, ಅದರಿಂದ ಬಚಾವ್. ಅಷ್ಟು ದೊಡ್ಡ ಟೀಮ್ ಇದ್ದೋರದ್ದೇ ಈ ಪಾಡು.

ಹಾಗಾಗಿ ನಿಮ್ಮ ಝ್ಯಾಬಿಕ್ಸ್ ಚೆಕ್ ಮೊದ್ಲು ತೆಗೆದುಹಾಕಿ. ಫೈಲ್ ಇದ್ಯಾ ಅಂತ ಕೇಳೋದು ಅಂದ್ರೆ ಟಿಫನ್ ಬಾಕ್ಸ್ ಬ್ಯಾಗಲ್ಲಿದ್ಯಾ ಅಂತ ನೋಡಿ ಊಟ ಇದೆ ಅಂದ್ಕೊಂಡ ಹಾಗೆ. ಸ್ಕ್ರಿಪ್ಟ್ ಪೂರ್ತಿ ಗೆದ್ದ ಮೇಲೆ ಮಾತ್ರ ಝ್ಯಾಬಿಕ್ಸ್ ಸೆಂಡರ್‌ನಿಂದ ಒಂದು ಟ್ರ್ಯಾಪರ್ ಐಟಂಗೆ (ಹೊರಗಿಂದ ಕಳಿಸಿದ್ದನ್ನ ತಗೊಳ್ಳೋದು) ವ್ಯಾಲ್ಯೂ ಕಳಿಸಿ, ಆ ಐಟಂಗೆ ನೋಡೇಟಾ ಟ್ರಿಗರ್ ಇಟ್ಟು 26 ಗಂಟೆ ಸುದ್ದಿ ಇಲ್ಲಾಂದ್ರೆ ಕೂಗ್ಕೊಳ್ಳೋ ಹಾಗೆ ಮಾಡಿ. ಆಗ ಕ್ರಾನ್ ನಿಂತ್ರೂ, ಸರ್ವರ್ ಆಫ್ ಆದ್ರೂ, ಸ್ಕ್ರಿಪ್ಟ್ ಯಾರಾದ್ರೂ ಅಳಿಸಿದ್ರೂ ಗೊತ್ತಾಗುತ್ತೆ. ಜೊತೆಗೆ ಫೈಲ್ ಸೈಜ್ ನಿನ್ನೇದಕ್ಕಿಂತ ತೀರಾ ಕಮ್ಮಿ ಆದ್ರೆ ಇನ್ನೊಂದು ಅಲರ್ಟ್. ಪ್ಲೇನ್ (ಬರೀ ಎಸ್‌ಕ್ಯೂಎಲ್ ಸಾಲುಗಳ) ಡಂಪ್ ಆದ್ರಿಂದ ಫೈಲ್ ಕೊನೇ ಹತ್ತು ಸಾಲಲ್ಲಿ ಡೇಟಾಬೇಸ್ ಡಂಪ್ ಕಂಪ್ಲೀಟ್ ಅನ್ನೋ ಕಾಮೆಂಟ್ ಇದ್ಯಾ ಅಂತ ಗ್ರೆಪ್ ಮಾಡಿ ಹುಡುಕ್ಬೋದು, ಅರ್ಧಕ್ಕೆ ನಿಂತ ಡಂಪ್ ಅಲ್ಲಿ ಸಿಕ್ಕಿಬೀಳುತ್ತೆ. ಮತ್ತೆ ಅಲರ್ಟ್ ಬರೀ ಮೇಲ್‌ಗೆ ಬೇಡ, ಫೋನ್‌ಗೂ ಬರ್ಲಿ.

ವಾಲ್_ತುಂಬಿತು:
ಎಲ್ರೂ ಈ ಸ್ಕ್ರಿಪ್ಟ್‌ಗೇ ತೇಪೆ ಹಾಕ್ತಿದೀರಲ್ಲ. ರಾತ್ರಿ 1ಕ್ಕೆ ಡಂಪ್, ಸಂಜೆ 5ಕ್ಕೆ ಡಿಸ್ಕ್ ಹೋದ್ರೆ ಇಡೀ ದಿನದ ಇನ್‌ವಾಯ್ಸ್, ಜಿಆರ್‌ಎನ್ (ಮಾಲು ಬಂದ ರಶೀದಿ) ಎಲ್ಲಾ ಗೋವಿಂದ. ಪಿಜಿ ಬ್ಯಾಕ್‌ರೆಸ್ಟ್ ಅನ್ನೋ ಬ್ಯಾಕಪ್ ಟೂಲ್ ಹಾಕಿ ವಾಲ್ (ಪ್ರತಿ ಬದಲಾವಣೆ ಬರೆದಿಡೋ ಲಾಗ್) ಆರ್ಕೈವ್ ಮಾಡಿ, ಬೇಕಾದ ನಿಮಿಷಕ್ಕೆ ವಾಪಸ್ ಹೋಗ್ಬೋದು.

ರಾತ್ರಿಪಾಳಿ_ಡಿಬಿಎ:
ಮಾತು ಸರಿ, ಆದ್ರೆ ಒಬ್ನೇ ಇರೋ ಕಡೆ ನಾಳೆ ಬೆಳಗ್ಗೇನೇ ಬೇಡ. ಆರ್ಕೈವ್ ಕಮಾಂಡ್ ಫೇಲ್ ಆಗ್ತಾ ಇದ್ರೆ ಪೋಸ್ಟ್‌ಗ್ರೆಸ್ ಆ ವಾಲ್ ಫೈಲ್‌ಗಳನ್ನ ಬಿಡೋದಿಲ್ಲ, ಒಂದೊಂದು 16 ಎಂಬಿ, ಕೂಡಿ ಕೂಡಿ ಡಿಸ್ಕ್ ತುಂಬಿ ಡೇಟಾಬೇಸೇ ಮಲಗುತ್ತೆ. ಆಗ ಗಾಬರೀಲಿ ಪಿಜಿ ವಾಲ್ ಫೋಲ್ಡರ್‌ನಲ್ಲಿ ಕೈಯಾರೆ ಫೈಲ್ ಅಳಿಸಿದವರ ಕಥೆ ನಾನು ಬೇಕಾದಷ್ಟು ನೋಡಿದೀನಿ, ಆ ಫೋಲ್ಡರ್‌ನಲ್ಲಿ ಅಳಿಸೋ ಕೆಲಸ ಯಾವತ್ತೂ ಮಾಡ್ಬೇಡಿ. ಡಿಸ್ಕ್ ಜಾಗ ಮತ್ತೆ ಪಿಜಿ ಸ್ಟ್ಯಾಟ್ ಆರ್ಕೈವರ್‌ನಲ್ಲಿ ಫೇಲ್ ಎಣಿಕೆ, ಇವೆರಡೂ ಮಾನಿಟರಿಂಗ್‌ಗೆ ಬಂದ ಮೇಲೆ ಬ್ಯಾಕ್‌ರೆಸ್ಟ್‌ಗೆ ಕೈ ಹಾಕಿ.

ಇನ್ನೊಂದು, ಪಿಜಿ ಡಂಪ್‌ನಲ್ಲಿ ರೋಲ್‌ಗಳು, ಅಂದ್ರೆ ಡೇಟಾಬೇಸ್ ಯೂಸರ್‌ಗಳು, ಬರಲ್ಲ. ಹೊಸ ಮಷೀನ್‌ನಲ್ಲಿ ರೀಸ್ಟೋರ್ ಮಾಡಿದ್ರೆ ಇಂಥಾ ರೋಲ್ ಇಲ್ಲ ಅಂತ ಸಾಲಾಗಿ ಎರರ್ ಬರುತ್ತೆ. ಪಿಜಿ ಡಂಪ್ ಆಲ್‌ನ ಗ್ಲೋಬಲ್ಸ್ ಓನ್ಲಿ ಆಪ್ಷನ್‌ನಲ್ಲಿ ಓಡಿಸಿ ಆ ಸಣ್ಣ ಫೈಲನ್ನೂ ದಿನಾ ಜೊತೆಗಿಡಿ. ಪಾಸ್‌ವರ್ಡ್ ಹ್ಯಾಶ್‌ಗಳು ಇರ್ತವೆ ಅದರಲ್ಲಿ, ಎಲ್ಲೆಂದರಲ್ಲಿ ಬಿಡ್ಬೇಡಿ.

ಲೆಕ್ಕದ_ಮೇಡಂ:
ನಾನು ಅಕೌಂಟ್ಸ್ ಕಡೆಯವಳು, ಟೆಕ್ನಿಕಲ್ ಅರ್ಧ ಅರ್ಥ ಆಯ್ತು. ನಿಮ್ಮದು ಕಂಪನಿ ಆಗಿದ್ರೆ, ಕಂಪನೀಸ್ ಅಕೌಂಟ್ಸ್ ರೂಲ್ಸ್‌ಗೆ 2022ರ ಆಗಸ್ಟ್‌ನಲ್ಲಿ ಬಂದ ತಿದ್ದುಪಡಿ ಪ್ರಕಾರ ಎಲೆಕ್ಟ್ರಾನಿಕ್ ಲೆಕ್ಕದ ಪುಸ್ತಕಗಳ ಬ್ಯಾಕಪ್ ದಿನಾ ಆಗ್ಬೇಕು, ಅದೂ ಭಾರತದೊಳಗೇ ಇರೋ ಸರ್ವರ್‌ನಲ್ಲಿ. ಮುಂಚೆ ಆಗಾಗ ಅಂತ ಇತ್ತು. ಆಡಿಟರ್ ಬಂದು ಕೇಳಿದಾಗ 20 ಬೈಟ್ ತೋರ್ಸೋಕಾಗಲ್ಲ, ಹೊಸ ಡಿಸ್ಕ್‌ಗೆ ದುಡ್ಡು ಕೇಳೋವಾಗ ಮ್ಯಾನೇಜ್‌ಮೆಂಟ್‌ಗೆ ಇದನ್ನ ಹೇಳಿ, ನಮ್ಮ ಕಡೆ ಕೆಲಸ ಆಯ್ತು.

ಮಲ್ಲೇಶ್ವರಂ_ಮಾನಿಟರ್:
ಒಳ್ಳೇ ಪಾಯಿಂಟ್ ಮೇಡಂ. ಅಂದಹಾಗೆ ಬ್ಯಾಕಪ್ ಮಷೀನ್ ಸರ್ವರ್ ಪಕ್ಕದಲ್ಲೇ ಇದೆ ಅಂದ್ರಲ್ಲ, ಒಂದೇ ರೂಮು ಒಂದೇ ಯುಪಿಎಸ್ ಅಲ್ವಾ? 2022ರ ಸೆಪ್ಟೆಂಬರ್ ಮಳೇಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ಬೇಸ್‌ಮೆಂಟ್‌ಗಳೆಲ್ಲಾ ಕೆರೆ ಆಗಿದ್ದು ನೆನಪಿರ್ಬೇಕು. ಪೀಣ್ಯ ಎತ್ತರದಲ್ಲಿದೆ ಅನ್ಬೋದು, ಶಾರ್ಟ್ ಸರ್ಕ್ಯೂಟ್‌ಗೆ ಎತ್ತರ ತಗ್ಗು ಇಲ್ಲ. ಎಡಬ್ಲ್ಯುಎಸ್ ಮುಂಬೈ ಇಲ್ಲಾ ಹೈದರಾಬಾದ್ ರೀಜನ್‌ಗೆ ಎನ್‌ಕ್ರಿಪ್ಟ್ ಮಾಡಿ ಒಂದು ಕಾಪಿ ಕಳಿಸಿ, ಮೇಡಂ ಹೇಳಿದ ರೂಲೂ ಅದರಲ್ಲೇ ಮುಗೀತು.

ಪೀಣ್ಯ_ಸರ್ವರ್‌ರೂಮ್:
ರಾತ್ರಿ ಡಂಪ್ 9.1 ಜಿಬಿ ಬಂದಿದೆ, ಕೊನೇಲಿ ಕಂಪ್ಲೀಟ್ ಅನ್ನೋ ಸಾಲೂ ಇದೆ, ಟ್ರ್ಯಾಪರ್‌ಗೆ ವ್ಯಾಲ್ಯೂ ಬಂತು. ಎಲ್ರಿಗೂ ದೊಡ್ಡ ಥ್ಯಾಂಕ್ಸ್. ರೀಸ್ಟೋರ್ ಮಾಡಿ ನೋಡೋಣ ಅಂತಿದೀನಿ, ಸ್ಟೋರ್ಸ್‌ನಲ್ಲಿ ಯಾರೂ ಮುಟ್ಟದ ಹಳೇ ಡೆಸ್ಕ್‌ಟಾಪ್ ಒಂದಿದೆ, ಐ5, 8 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಸಾಕಾಗುತ್ತಾ?

ರಾತ್ರಿಪಾಳಿ_ಡಿಬಿಎ:
ಧಾರಾಳ ಸಾಕು, ನಿಧಾನ ಆಗುತ್ತೆ ಅಷ್ಟೇ. 16ನೇ ವರ್ಷನ್ನೇ ಹಾಕಿ, ಮೊದ್ಲು ಗ್ಲೋಬಲ್ಸ್ ಫೈಲ್ ಆಮೇಲೆ ಡಂಪ್. ಎಷ್ಟು ಹೊತ್ತು ಹಿಡೀತು ಬರೆದಿಟ್ಕೊಳ್ಳಿ, ಸರ್ವರ್ ಬಿದ್ದ ದಿನ ಎಂಡಿ ಕೇಳೋ ಮೊದಲ ಪ್ರಶ್ನೆ ಅದೇ. ಮುಗಿದ ಮೇಲೆ ಇಆರ್‌ಪಿಲಿ ನಿನ್ನೆ ಹಾಕಿದ ಕೊನೇ ಇನ್‌ವಾಯ್ಸ್ ನಂಬರ್ ಅಲ್ಲೂ ಇದ್ಯಾ ನೋಡಿ. ಮತ್ತೆ ಮುಂದಿನ ಸಲ ಕಸ್ಟಮ್ ಫಾರ್ಮ್ಯಾಟ್‌ಗೆ ಬದಲಾಯಿಸಿ, ಅದು ತಾನೇ ಕಂಪ್ರೆಸ್ ಮಾಡ್ಕೊಳುತ್ತೆ, ಜಿಝಿಪ್ ಪೈಪೇ ಬೇಡ, ಪಿಜಿ ರೀಸ್ಟೋರ್‌ನಲ್ಲಿ ಜೆ 4 ಅಂತ ಕೊಟ್ಟು ನಾಲ್ಕು ಕೆಲಸ ಒಟ್ಟಿಗೆ ಓಡಿಸ್ಬೋದು. ಪ್ಲೇನ್ ಎಸ್‌ಕ್ಯೂಎಲ್ ಫೈಲ್‌ಗೆ ಅದು ಆಗಲ್ಲ. ಕಸ್ಟಮ್‌ಗೆ ಹೋದ್ರೆ ಕೊನೇ ಸಾಲು ಗ್ರೆಪ್ ಮಾಡೋ ಚೆಕ್ ನಡೆಯಲ್ಲ, ಅದರ ಬದಲು ಪಿಜಿ ರೀಸ್ಟೋರ್ ಮೈನಸ್ ಎಲ್ ಕೊಟ್ಟು ಪಟ್ಟಿ ಬರುತ್ತಾ ನೋಡಿ, ಪಟ್ಟಿ ಬಂತು ಅಂದ ಮಾತ್ರಕ್ಕೆ ಒಳಗಿನ ಡೇಟಾ ಪೂರ್ತಿ ಇದೆ ಅಂತಲ್ಲ, ರೀಸ್ಟೋರ್ ಮಾಡಿ ನೋಡಿದ್ರೇನೇ ಗೊತ್ತಾಗೋದು, ಹಾಗಾಗಿ ಆ ಡೆಸ್ಕ್‌ಟಾಪ್ ಸ್ಟೋರ್ಸ್‌ಗೆ ವಾಪಸ್ ಕಳಿಸ್ಬೇಡಿ.