ಸರ್ಕಾರ ಸಾಲ ನಿಲ್ಲಿಸಿದರೆ ನಮ್ಮೂರಲ್ಲಿ ಕೆಲಸ ಜಾಸ್ತಿ ಆಗುತ್ತಾ?

ಪ್ರಶ್ನೆ (ಸಿಮೆಂಟ್ ಅಂಗಡಿ, ಬಂಗಾರಪೇಟೆ): ಮೇಡಂ, ನಮಸ್ತೆ. ಕೇಂದ್ರದ 2025-26ರ ಬಜೆಟ್‌ನಲ್ಲಿ ಕೊರತೆ (ಆದಾಯ ಮೀರಿದ ಖರ್ಚು, ಸಾಲದಿಂದ ತುಂಬಿಸುವುದು) ಜಿಡಿಪಿಯ ಶೇ 4.4, ಅಂದರೆ ಸುಮಾರು 15.7 ಲಕ್ಷ ಕೋಟಿ ಅಂತ ಓದಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಲ್ವಾ? ನಮ್ಮ ಹುಡುಗರು ಕೆಲಸಕ್ಕೆ ದಿನಾ ಬೆಂಗಳೂರು ರೈಲು ಹತ್ತುತ್ತಾರೆ. ಸರ್ಕಾರ ಸಾಲ ನಿಲ್ಲಿಸಿದರೆ ಇಲ್ಲೇ ಕೆಲಸ ಸಿಗುತ್ತಾ?

ಉತ್ತರ (ಅರ್ಥಶಾಸ್ತ್ರ ಉಪನ್ಯಾಸಕಿ, ಕೋಲಾರ): ದಿಢೀರನೆ ನಿಲ್ಲಿಸಿದರೆ ಇರುವ ಕೆಲಸವೂ ಹೋಗುತ್ತದೆ ಸರ್. ನೀವು ಮನೆ ಖರ್ಚು ಬಿಗಿ ಮಾಡಿದರೆ ನಿಮ್ಮ ಅಂಗಡಿ ವ್ಯಾಪಾರ ಇಳಿಯುವುದಿಲ್ಲ. ಸರ್ಕಾರ ಬಿಗಿ ಮಾಡಿದರೆ ಇಳಿಯುತ್ತದೆ. ರಸ್ತೆ ಟೆಂಡರ್ ನಿಂತಿತು ಅಂದುಕೊಳ್ಳಿ. ಗುತ್ತಿಗೆದಾರರು ನಿಮ್ಮಲ್ಲಿ ಸಿಮೆಂಟ್ ತಗೊಳ್ಳಲ್ಲ. ಲೋಡಿಂಗ್ ಹುಡುಗನನ್ನು ನೀವು ಕೆಲಸದಿಂದ ಬಿಡಿಸುತ್ತೀರಿ. ಅವನು ಹೋಟೆಲ್ ಕಡೆ ತಲೆ ಹಾಕಲ್ಲ. ಜಿಎಸ್‌ಟಿ ಕಟ್ಟುವುದೂ ಕಮ್ಮಿ ಆಗುತ್ತದೆ. ಉಳಿಸಿದ ದುಡ್ಡಲ್ಲಿ ಒಂದು ಪಾಲು ಸರ್ಕಾರದ ಕೈಯಿಂದಲೇ ಜಾರಿಹೋಯಿತು ನೋಡಿ.

2020ರಲ್ಲಿ ಏನಾಯಿತು ಅಂತ ನೆನಪಿಸಿಕೊಳ್ಳಿ. ಲಾಕ್‌ಡೌನ್‌ನಿಂದ ತೆರಿಗೆ ಬಿತ್ತು, ಖರ್ಚು ಏರಿತು, ಆ ವರ್ಷದ ಕೊರತೆ ಶೇ 9 ದಾಟಿತು. ನರೇಗಾಕ್ಕೆ ಬಜೆಟ್‌ನ 61,500 ಕೋಟಿ ಸಾಲದೆ ಇನ್ನೂ 40,000 ಕೋಟಿ ಕೊಟ್ಟರು. ಬೆಂಗಳೂರಿಂದ ವಾಪಸ್ ಬಂದವರೂ ಕೃಷಿ ಹೊಂಡ, ಬದು ಕೆಲಸಕ್ಕೆ ಇಳಿದರು. ರಾಜ್ಯದಲ್ಲಿ ದಿನದ ಕೂಲಿ 275 ರೂಪಾಯಿ ಇತ್ತು. ಕೊರತೆ ಶೇ 3 ಮೀರಬಾರದು ಅಂತ ಆಗ ಹಟ ಹಿಡಿದಿದ್ದರೆ ಆ ಕೂಲಿ ಎಲ್ಲಿಂದ ಬರುತ್ತಿತ್ತು?

ಪ್ರಶ್ನೆ (ಟೊಮೆಟೊ ಬೆಳೆಗಾರ, ಮುಳಬಾಗಿಲು): ಹಾಗಾದ್ರೆ ನೋಟು ಪ್ರಿಂಟ್ ಹಾಕಿ ಎಲ್ಲರಿಗೂ ಕೆಲಸ ಕೊಟ್ಟುಬಿಡಬಹುದಲ್ವಾ ಮೇಡಂ?

ಉತ್ತರ: ಕೆಲಸಗಾರರು ಸುಮ್ನೆ ಕೂತಿರುವಾಗ, ಮಷಿನ್ ನಿಂತಿರುವಾಗ ಸರ್ಕಾರದ ಖರ್ಚು ಕೆಲಸ ಹುಟ್ಟಿಸುತ್ತದೆ. ಮಾಲೇ ಇಲ್ಲದಾಗ ಬರೀ ರೇಟು ಏರಿಸುತ್ತದೆ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ ನಿಮ್ಮ 15 ಕೆಜಿ ಬಾಕ್ಸ್ 2,000 ದಾಟಿತ್ತು. ಆಗ ಜನರ ಜೇಬಿಗೆ ಇನ್ನಷ್ಟು ದುಡ್ಡು ಹಾಕಿದ್ದರೆ ಗಿಡದಲ್ಲಿ ಒಂದು ಕಾಯಿಯೂ ಜಾಸ್ತಿ ಬಿಡುತ್ತಿರಲಿಲ್ಲ. ನಿಮಗೇನೋ ಖುಷಿಯೇ ಆಗುತ್ತಿತ್ತು, ಬಿಡಿ!

ಇನ್ನು ಸರ್ಕಾರ ಸಾಲ ಎತ್ತುವುದು ಹೆಚ್ಚಾಗಿ ಬಾಂಡ್ ಮಾರಿ. ಬ್ಯಾಂಕು, ಎಲ್‌ಐಸಿ, ಪಿಎಫ್ ಅದನ್ನು ಕೊಳ್ಳುತ್ತವೆ. ಅಂದರೆ ನಮ್ಮದೇ ಉಳಿತಾಯ. ಆದರೆ ಬಡ್ಡಿ ಕಟ್ಟಬೇಕು. ಕೇಂದ್ರ ಖರ್ಚು ಮಾಡುವ ಪ್ರತಿ ರೂಪಾಯಿಯಲ್ಲಿ 20 ಪೈಸೆ ಬಡ್ಡಿಗೇ ಹೋಗುತ್ತದೆ. ನನಗೆ ಚಿಂತೆ ಅಲ್ಲಿದೆ.

ಪ್ರಶ್ನೆ (ಬಿ.ಕಾಂ ವಿದ್ಯಾರ್ಥಿನಿ, ಮಾಲೂರು): ರಾಜ್ಯ ಸರ್ಕಾರಕ್ಕೂ ಇದೇ ಲೆಕ್ಕಾನಾ ಮೇಡಂ?

ಉತ್ತರ: ಇಲ್ಲಮ್ಮ, ರಾಜ್ಯಕ್ಕೆ ಕೈ ಕಟ್ಟಿದೆ. ರೂಪಾಯಿ, ರಿಸರ್ವ್ ಬ್ಯಾಂಕ್ ಎರಡೂ ರಾಜ್ಯದ ಕೈಯಲ್ಲಿಲ್ಲ. ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡಿತು. ಮಾಮೂಲಿ ವರ್ಷಗಳಲ್ಲಿ ಕೊರತೆ ರಾಜ್ಯದ ಜಿಡಿಪಿಯ ಶೇ 3ರೊಳಗೆ ಇರಬೇಕು. ಹಾಗಾಗಿ ಸಾಲ ಯಾವುದಕ್ಕೆ ಅನ್ನುವುದು ಇಲ್ಲಿ ಇನ್ನೂ ಮುಖ್ಯ. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, 2018ರಲ್ಲಿ ನಮ್ಮ ಕೆರೆಗಳಿಗೆ ಬಂತು. ನೀರಿನ ಶುದ್ಧತೆಯ ಜಗಳ ಬೇರೆ, ಅದನ್ನು ಇನ್ನೊಂದು ದಿನ ಮಾತಾಡೋಣ. ಕೆರೆ ತುಂಬಿಸುವಂಥ ಕೆಲಸಕ್ಕೆ ಸಾಲ ಮಾಡಿದರೆ ಬೋರ್‌ವೆಲ್, ಬೆಳೆ, ಕೂಲಿ ಅಂತ ವರ್ಷಗಟ್ಟಲೆ ಫಲ ಇರುತ್ತದೆ. ಸಂಬಳ, ಬಡ್ಡಿ ಕಟ್ಟುವುದಕ್ಕೇ ಸಾಲ ಮಾಡಿದರೆ ಮುಂದಿನ ವರ್ಷ ಮತ್ತೆ ಸಾಲ. ಬಜೆಟ್ ಪುಸ್ತಕದಲ್ಲಿ ಇದಕ್ಕೆ ರಾಜಸ್ವ ಕೊರತೆ ಅಂತ ಬೇರೆ ಸಾಲು ಇರುತ್ತದೆ. ಮೊದಲು ಅದನ್ನು ನೋಡಮ್ಮ.